ಹೊಳೆ ಅಪ್‌ಡೇಟ್ ಆದ ದಿನ

ಕಳೆದ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾನು ರೇಷ್ಮೆ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡು, ತ್ರಾಸಿಯ ಹತ್ತಿರ ಹೊಳೆಯ ದಡದಲ್ಲಿ ನಿಂತಿದ್ದೆ. ನನ್ನ ಹಿಂದೆ ಒಂದು ಇಡೀ ದಿಬ್ಬಣ ನಿಂತಿತ್ತು. ಮದುಮಗ, ಅವನ ಅಪ್ಪ ಅಮ್ಮ, ಎರಡು ವ್ಯಾನ್ ತುಂಬ ನೆಂಟರು, ಸ್ಯಾಕ್ಸೋಫೋನ್ ಹಿಡಿದ ವಾದ್ಯದವರು. ಎದುರಿಗೆ ಎರಡು ದೋಣಿಗಳು ಮಾವಿನೆಲೆಯ ತೋರಣ ಕಟ್ಟಿಕೊಂಡು ತಯಾರಾಗಿದ್ದವು.

ಎಲ್ಲವೂ ಇತ್ತು. ನೀರು ಮಾತ್ರ ಇರಲಿಲ್ಲ.

ದೋಣಿಗಳು ಕೆಸರಿನಲ್ಲಿ ಒಂದು ಪಕ್ಕಕ್ಕೆ ವಾಲಿ ಮಲಗಿದ್ದವು. ನಮ್ಮ ದಡಕ್ಕೂ ಎದುರಿನ ಕುದ್ರುವಿಗೂ ನಡುವೆ ಇರಬೇಕಾದ ಹೊಳೆ ಎಲ್ಲೋ ನಡುವಿನಲ್ಲಿ ಸಣ್ಣ ತೋಡಾಗಿ ಹರಿಯುತ್ತಿತ್ತು. (ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಘಟ್ಟದ ಮೇಲಿನ ಓದುಗರಿಗಾಗಿ ಹೇಳಿದೆ.) ಉಳಿದದ್ದೆಲ್ಲ ಮೊಣಕಾಲುದ್ದದ ಕೆಸರು. ಅದರ ಮೇಲೆ ಬೆಳ್ಳಕ್ಕಿಗಳು ನಿಧಾನವಾಗಿ ಓಡಾಡುತ್ತಿದ್ದವು.

ಎಲ್ಲರೂ ನನ್ನ ಮುಖ ನೋಡಿದರು. ಆರು ಗಂಟೆಗೆ ಹೊಳೆ ತುಂಬಿರುತ್ತದೆ ಎಂದು ಹೇಳಿದವನು ನಾನು. ನಾನಲ್ಲ, ನನ್ನ ಕಂಪ್ಯೂಟರ್. (ಇಂಥ ಹೊತ್ತಿನಲ್ಲಿ ಈ ವ್ಯತ್ಯಾಸವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.)

ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಕುಂದಾಪುರದ ಕಡೆಯ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುವವನು. ಮನೆ ಸಾಸ್ತಾನದಲ್ಲಿ. ನನ್ನ ವಯಸ್ಸಿಗೆ ಬಂದವರು ಕೆಲವರು ಕೊಳಲು ಕಲಿಯುತ್ತಾರೆ, ಕೆಲವರು ದಾಸವಾಳದ ಗಿಡ ಕಸಿ ಕಟ್ಟುತ್ತಾರೆ. ನಾನು ಹೊಳೆ ಮಾಡಿದೆ.

ಹೌದು, ಹೊಳೆ. ಕಂಪ್ಯೂಟರಿನ ಒಳಗೆ. ಸಮುದ್ರದ ಉಬ್ಬರ ಎಷ್ಟು, ಹೊಳೆ ಕಡಲು ಸೇರುವ ಅಳಿವೆಯ ಬಾಯಿ ಎಷ್ಟು ಅಗಲ, ಹೊಳೆ ಎಲ್ಲೆಲ್ಲಿ ತಿರುಗುತ್ತದೆ, ಕುದ್ರುಗಳ ಹಿಂದಿನ ಕವಲಿನಲ್ಲಿ ಹೂಳು ಎಷ್ಟಿದೆ ಎಂದೆಲ್ಲ ಅದಕ್ಕೆ ಹೇಳಿಕೊಟ್ಟಿದ್ದೇನೆ. ಯಾವ ದಿನ ಯಾವ ಹೊತ್ತಿಗೆ ಎಲ್ಲಿ ಎಷ್ಟು ನೀರು ಇರುತ್ತದೆ ಎಂದು ಅದು ಲೆಕ್ಕ ಹಾಕಿ ತೋರಿಸುತ್ತದೆ. ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ನನ್ನನ್ನು ಕೇಳಿದರೆ ಕನಸು ಎನ್ನುತ್ತೇನೆ. ನಡೆಯುವುದನ್ನು ನಡೆಯುವ ಮೊದಲೇ ಒಮ್ಮೆ ಕಂಡುಬಿಡುವುದಕ್ಕೆ ಬೇರೆ ಏನು ಹೆಸರಿದೆ?

ಸಂಜೆ ಕಾಲೇಜಿನಿಂದ ಬಂದು, ಚಹಾ ಹಿಡಿದು ಅದರ ಮುಂದೆ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಪರದೆಯ ಮೇಲೆ ನೀಲಿ ಬಣ್ಣ ಅಳಿವೆಯಿಂದ ಮೆಲ್ಲಗೆ ಒಳಗೆ ಬರುತ್ತದೆ. ಕವಲು ಕವಲಿಗೆ ಹರಡುತ್ತದೆ. ಕುದ್ರುಗಳನ್ನು ಒಂದೊಂದಾಗಿ ಸುತ್ತುತ್ತದೆ. ಆಮೇಲೆ ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ. ಒಂದು ಸಲವಂತೂ ನನ್ನ ಮುಖಕ್ಕೆ ತಣ್ಣಗೆ ಗಾಳಿ ಬೀಸಿತು. ಹೊಳೆಯ ಗಾಳಿ! ಹೆಂಡತಿಯನ್ನು ಕೂಗಿ ಹೇಳಿದೆ. "ಫ್ಯಾನ್ ಹಾಕಿದ್ದ್ ನಾನ್" ಎಂದಳು.

ಈ ಹೊಳೆಯ ಸುದ್ದಿ ಹೇಗೋ ಊರಿಗೆ ಹಬ್ಬಿತು. ಮೀನಿಗೆ ಹೋಗುವವರು, ಚಿಪ್ಪು ಹೆಕ್ಕುವವರು, ದೋಣಿಯಲ್ಲಿ ಪ್ರವಾಸಿಗರನ್ನು ಸುತ್ತಿಸುವವರು ಎಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿದರು. ಪ್ರತಿ ವಾರ ನಾನು ಅದರಲ್ಲಿ ನೀರಿನ ಟೈಮ್ ಹಾಕುತ್ತೇನೆ. ಒಮ್ಮೆಯೂ ತಪ್ಪಿರಲಿಲ್ಲ. ತಪ್ಪದಿದ್ದದ್ದೇ ತಪ್ಪಾಯಿತು. ಕ್ರಮೇಣ ಎಲ್ಲರೂ ಹೊಳೆ ನೋಡುವುದನ್ನು ಬಿಟ್ಟು ಫೋನು ನೋಡತೊಡಗಿದರು. ನಾನೂ ಅಷ್ಟೇ. ಹೊಳೆಯ ಮೇಲಿನ ಸೇತುವೆಯಲ್ಲಿ ಹೋಗುವಾಗಲೂ ಕಿಟಕಿಯಿಂದ ಹೊರಗೆ ನೋಡದೆ ಎಷ್ಟು ದಿನವಾಗಿತ್ತೋ.

ಹೀಗಿರುವಾಗ ನನ್ನ ಅಕ್ಕನ ಮಗ ಪ್ರಸನ್ನನ ಮದುವೆ ನಿಶ್ಚಯವಾಯಿತು. ಅವನು ಬೈಂದೂರಿನಲ್ಲಿ ಸೋಲಾರ್ ಅಂಗಡಿ ಇಟ್ಟುಕೊಂಡಿರುವ ಮೌನಿ. ಗಿರಾಕಿ ಬಂದರೂ "ಹೂಂ" ಎಂದೇ ವ್ಯಾಪಾರ ಮುಗಿಸುತ್ತಾನೆ. ಹುಡುಗಿ ಪಲ್ಲವಿ, ಬ್ರಹ್ಮಾವರದವಳು. ಅಲ್ಲಿಯೇ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಇಬ್ಬರೂ ಜಾತಕ ಕೂಡಿದ ಮೇಲೆ ನಾಲ್ಕಾರು ಸಲ ಭೇಟಿಯಾಗಿದ್ದರು. ಮಾತಾಡಿದ್ದು ಎಷ್ಟು ಎಂದು ಕೇಳಬೇಡಿ.

ಪಲ್ಲವಿಗೆ ಒಂದೇ ಒಂದು ಆಸೆ. ಮದುವೆ ಕುದ್ರುವಿನ ಹೋಮ್‌ಸ್ಟೇಯಲ್ಲಿ ಆಗಬೇಕು, ದಿಬ್ಬಣ ದೋಣಿಯಲ್ಲಿ ಬರಬೇಕು.

ಇದನ್ನು ಕೇಳಿ ನನ್ನ ಅಕ್ಕ, ಕಿರಿಮಂಜೇಶ್ವರದ ಗಿರಿಜಕ್ಕ, ಹೌಹಾರಿದಳು.

"ಕಾರಂಗ್ ಹೋಪು ಹಾಲಂಗೆ ಮಾಡ್ರೆ ಆತಿಲ್ಯಾ? ನೀರ್ ಎಂತ ನಮ್ಮ್ ಮಾತ್ ಕೇಂತಾ?"

ಅವಳ ಹೆದರಿಕೆಗೆ ಕಾರಣವಿತ್ತು. ಅವಳ ಮದುವೆಯ ದಿನ ಗಂಡಿನ ದಿಬ್ಬಣದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಮುಹೂರ್ತ ಮೀರಿತು. ಪುರೋಹಿತರು ಏನೋ ಪರಿಹಾರ ಹೇಳಿ ತಾಳಿ ಕಟ್ಟಿಸಿದರು. ಅಲ್ಲಿಗೆ ಮುಗಿಯಿತೇ? ಆ ಮನೆಯಲ್ಲಿ ಹಸು ಒದ್ದರೂ, ಹಂಚು ಸೋರಿದರೂ, ಮಗುವಿಗೆ ಜ್ವರ ಬಂದರೂ ಅತ್ತೆಯ ಬಾಯಲ್ಲಿ ಒಂದೇ ಮಾತು: "ಲಗ್ನ ತಪ್ಪಿದ್ ಮದಿ ಅಲ್ದಾ?" ಬಸ್ಸು ಕೆಟ್ಟದ್ದು ಅವರ ಕಡೆಯದು. ಮಾತು ಕೇಳಿದ್ದು ನನ್ನ ಅಕ್ಕ. ಭಾವ ಒಳ್ಳೆಯವರೇ, ಆದರೆ ಆ ಮಾತು ಬಂದಾಗಲೆಲ್ಲ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಅತ್ತೆ ತೀರಿಕೊಂಡರೂ ಆ ಮಾತು ಅಕ್ಕನ ಕಿವಿಯಿಂದ ಹೋಗಿಲ್ಲ.

"ನನ್ನ್ ಮದಿಯಂಗ್ ಆದಾಂಗ್ ಆಪುಕಾಗ, ರಾಘು. ಆ ಹೆಣ್ಣಿಗ್ ಅಂಥ ಮಾತ್ ಬಪ್ಪುಕಾಗ. ಹೊತ್ತಿಗ್ ಸಮಾ ದಿಬ್ಬಣ ಮುಟ್ಸುದ್ ನಿನ್ನ್ ಜವಾಬ್ದಾರಿ. ನೀ ಸೋದರಮಾವ" ಎಂದಳು.

(ದಿಬ್ಬಣ ತಲುಪಿಸುವುದು ಸೋದರಮಾವನ ಕೆಲಸ ಎಂದು ಎಲ್ಲಿ ಹೇಳಿದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.)

ಮುಹೂರ್ತ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ. ನನ್ನ ಹೊಳೆಯನ್ನು ಕೇಳಿದೆ. ಹತ್ತು ಗಂಟೆಗೆ ದೋಣಿ ತೇಲುವಷ್ಟು ನೀರು, ಹನ್ನೊಂದೂವರೆಗೆ ಪೂರ್ತಿ ಉಬ್ಬರ ಎಂದಿತು. ಇದಕ್ಕಿಂತ ಚೆನ್ನಾಗಿ ಕೂಡಿ ಬರಲು ಸಾಧ್ಯವೇ? ಎಲ್ಲರಿಗೂ ಅದನ್ನೇ ತಿಳಿಸಿದೆವು. ಅಲ್ಲಿಗೆ ಬಿಟ್ಟಿದ್ದರೆ ಈ ಅಂಕಣ ಇರುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಗಿರಿಜಕ್ಕ ಫೋನ್ ಮಾಡಿದಳು. "ಸಮಾ ಕಂಡಿದ್ಯಲೆ?" ಇನ್ನೊಮ್ಮೆ ಲೆಕ್ಕ ಹಾಕಿಸಿ, ಸರಿ ಇದೆ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಮತ್ತೆ ಲೆಕ್ಕ. ಹೀಗೆ ನಡೆಯುತ್ತಿರುವಾಗ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಮೂಡಿತು. ಹೊಸ ಕಂಪೈಲರ್ ಬಂದಿದೆ, ಅದರ ಜೊತೆಗೆ ಸಿಮ್ಯುಲೇಷನ್ ಟೂಲ್‌ಗಳೂ ಹೊಸದಾಗಿವೆ. ಹೆಚ್ಚು ವೇಗ, ಹೆಚ್ಚು ನಿಖರ.

ನಿಖರ! ಅಕ್ಕನಿಗೆ ಬೇಕಾದದ್ದು ಅದೇ ಅಲ್ಲವೇ?

ಕಂಪೈಲರ್ ಎಂದರೆ ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸಿ ಹೇಳುವ ದುಭಾಷಿ. ದುಭಾಷಿ ಬದಲಾದರೆ ಮಾತು ಅದೇ ಇದ್ದರೂ ಅರ್ಥ ಬೇರೆಯಾಗಬಹುದು. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುವವನು ನಾನೇ. ಪರೀಕ್ಷೆಯ ಹಿಂದಿನ ದಿನ ಲ್ಯಾಬಿನಲ್ಲಿ ಏನನ್ನೂ ಅಪ್‌ಡೇಟ್ ಮಾಡಬಾರದು ಎಂದು ಬೋರ್ಡಿನ ಮೇಲೆ ಬರೆದಿಟ್ಟವನೂ ನಾನೇ. ಆದರೆ ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಅಪ್‌ಡೇಟ್ ಒತ್ತಿದೆ. ಏನೇನು ಬದಲಾಗಿದೆ ಎಂಬ ಉದ್ದದ ವಿವರಣೆ ಬಂತು. ಓದಲಿಲ್ಲ. (ನೀವು ಓದುತ್ತೀರಾ?) ಹೊಳೆಯನ್ನು ಹೊಸದಾಗಿ ಕಂಪೈಲ್ ಮಾಡಿದೆ. ಹಳದಿ ಅಕ್ಷರದಲ್ಲಿ ಏನೋ ಎಚ್ಚರಿಕೆ ಬಂತು. ಕೆಂಪು ಬಂದರೆ ನಿಲ್ಲುತ್ತೇವೆ, ಹಳದಿಗೆ ಯಾರು ನಿಲ್ಲುತ್ತಾರೆ?

ಹೊಸ ಹೊಳೆ ಹರಿಯಿತು. ನೋಡುತ್ತೇನೆ, ಎಲ್ಲ ತಲೆಕೆಳಗು. ಬೆಳಿಗ್ಗೆ ಆರಕ್ಕೆ ಹೊಳೆ ತುಂಬಿ ತುಳುಕುತ್ತಿದೆ. ಹನ್ನೊಂದಕ್ಕೆ ಬರೀ ಕೆಸರು.

ಅಯ್ಯೋ ದೇವರೇ, ಅಪ್‌ಡೇಟ್ ಮಾಡಿರದಿದ್ದರೆ ಏನು ಗತಿ! ಹಳೆಯದನ್ನು ನಂಬಿ ಹತ್ತು ಗಂಟೆಗೆ ಹೋಗಿದ್ದರೆ ದಿಬ್ಬಣ ಕೆಸರಿನಲ್ಲಿ ಕೂರುತ್ತಿತ್ತು! ಹೊಸದು ತಪ್ಪಿರಬಹುದು ಎಂಬ ಯೋಚನೆ ಒಂದು ಕ್ಷಣವೂ ಬರಲಿಲ್ಲ. ಹೊಸದಲ್ಲವೇ?

ಗಿರಿಜಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಸಂತೋಷವೇ ಆಯಿತು. "ಆರ್ ಗಂಟಿಗಾ? ಒಳ್ಳೇದೇ ಆಯ್ತ್. ಮೊದ್ಲೇ ಹೋಯಿ ಕೂಕಂಬ." ಪಲ್ಲವಿಯ ಅಪ್ಪ ಮನೆಯವರೊಂದಿಗೆ ಆಗಲೇ ಕುದ್ರು ಸೇರಿದ್ದರು. ಅವರು "ಆಯ್ತ್ ಮಾಷ್ಟ್ರೆ" ಎಂದರು. ಹೋಮ್‌ಸ್ಟೇ ಮ್ಯಾನೇಜರು "ಓಕೆ ಸರ್" ಎಂದರು. ಅಡುಗೆಯವರು, ವ್ಯಾನಿನವರು, ವಾದ್ಯದವರು, ಯಾರೂ ಯಾಕೆ ಎಂದು ಕೇಳಲಿಲ್ಲ.

ಹೀಗೆ ನಾವು ಆರು ಗಂಟೆಗೆ ಕೆಸರಿನ ಮುಂದೆ ಬಂದು ನಿಂತದ್ದು.

"ಹ್ವಾಯ್, ಎಂತ ಇದ್? ನೀರೆಲ್ಲಿ?" ಎಂದು ದೋಣಿಯ ನಾಗನನ್ನು ಕೇಳಿದೆ.

"ನಂಗೆ ಆರ್ ಗಂಟಿ ಅಂದ್ರ್, ಬಂದೆ. ನೀರಿಲ್ದೆ ಎಂತಕ್ ಬತ್ತ್ರ್ ಅಂದ್ಕಂಡೆ. ಮತ್ ನಿಮ್ಗೆ ಎಂತದೋ ಶಾಸ್ತ್ರ ಇಕ್ಕ್ ಅಂದೇಳಿ ಸುಮ್ನಾದೆ."

ವ್ಯಾನಿನವರೂ ಅದನ್ನೇ ಹೇಳಿದರು. ವಾದ್ಯದವರೂ ಅದನ್ನೇ ಹೇಳಿದರು. ನಮ್ಮ ಕಡೆ ಮದುವೆಯಲ್ಲಿ ಯಾವ ಕೆಲಸವನ್ನು ಯಾಕೆ ಮಾಡುತ್ತೇವೆ ಎಂದು ಯಾರೂ ಕೇಳುವುದಿಲ್ಲ. ಕೇಳಿದವನಿಗೆ ಅಷ್ಟೂ ಗೊತ್ತಿಲ್ಲ ಎಂದಾಗುತ್ತದಲ್ಲ!

"ಅದಿರ್ಲಿ, ನೀರ್ ಯಾವಾಗ ಬತ್ತ್?" ಎಂದೆ.

ನಾಗ ತಲೆ ಕೆರೆದುಕೊಂಡ. "ನಾನ್ ಮುಂಬೈ ಹೋಟ್ಲಂಗ್ ಇದ್ದವ. ಇಲ್ಲಿಗ್ ಬಂದ್ ಒಂದ್ ವರ್ಷ ಆಯ್ತಷ್ಟೆ. ನೀರಿನ್ ಟೈಮೆಲ್ಲಾ ನಿಮ್ಮ್ ಗ್ರೂಪಂಗೇ ಕಾಂಬುದಲೆ, ಮಾಷ್ಟ್ರೆ."

ಗಿರಿಜಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವ್ಯಾನಿನಿಂದ ಇಳಿಸಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಜರಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಕೆಸರನ್ನೇ ನೋಡಿ ಕೇಳಿದಳು: "ಇದೂ ತಪ್ಪಿತ್ ಅಲ್ದಾ?"

ನಾಚಿಕೆ, ಹೆದರಿಕೆ ಎರಡೂ ಒಟ್ಟಿಗೆ ಬಂದವು. ಓಡಿಹೋಗಿ ವ್ಯಾನಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಹಿಂದಿನ ದಿನ ಓದದೆ ಬಿಟ್ಟ ವಿವರಣೆಯನ್ನು ಈಗ ದೇವರ ಸ್ತೋತ್ರ ಓದುವಷ್ಟು ಭಕ್ತಿಯಿಂದ ಓದಿದೆ. ಸಿಕ್ಕಿತು. ಒಂದೇ ಸಾಲು.

ಹಳೆಯ ಕಂಪೈಲರ್, ಬರೀ ಗಂಟೆ ಹೇಳಿದರೆ ನಮ್ಮೂರಿನ ಗಂಟೆ ಎಂದು ತಿಳಿಯುತ್ತಿತ್ತು. ಹೊಸದು ಹಾಗಲ್ಲ. ಯಾವ ಊರಿನ ಗಂಟೆ ಎಂದು ಬಿಡಿಸಿ ಹೇಳದಿದ್ದರೆ ಗ್ರೀನಿಚ್‌ನ ಗಂಟೆ ಎಂದುಕೊಳ್ಳುತ್ತದೆ. ಗ್ರೀನಿಚ್‌ನಲ್ಲಿ ಆರಾದಾಗ ನಮ್ಮಲ್ಲಿ ಹನ್ನೊಂದೂವರೆ. ಅಂದರೆ ಅದು ತೋರಿಸಿದ ಆರು ಗಂಟೆಯ ತುಂಬಿದ ಹೊಳೆ ನಮ್ಮ ಹನ್ನೊಂದೂವರೆಯದು. ಹಳದಿ ಅಕ್ಷರದ ಎಚ್ಚರಿಕೆಯೂ ಅದನ್ನೇ ಹೇಳಿತ್ತು. ಒಂದು ರಾತ್ರಿ ನನ್ನ ಹೊಳೆ ಕುದ್ರು, ಅಳಿವೆ, ಹೂಳು ಎಲ್ಲವನ್ನೂ ಕಟ್ಟಿಕೊಂಡು ಗ್ರೀನಿಚ್‌ಗೆ ಹೋಗಿ ಹರಿದಿತ್ತು!

"ಅಕ್ಕ, ನೀರ್ ಬತ್ತ್! ಹತ್ತ್ ಗಂಟಿಗೆ! ಮೊದ್ಲ್ ಹೇಳಿದ್ದೇ ಸಮಾ!" ಎಂದು ಓಡಿ ಬಂದೆ.

ಗಿರಿಜಕ್ಕ ತಲೆ ಎತ್ತಿದಳು. "ನಿನ್ನೆ ಒಂದ್ ಹೇಳ್ದೆ. ಇವತ್ತ್ ಒಂದ್ ಹೇಳ್ತೆ. ಆ ಪೆಟ್ಗಿ ಮುಚ್ ಮಾರಾಯ. ಈ ನೀರ್ ಏರ್ತಾ ಇತ್ತಾ, ಇಳಿತಾ ಇತ್ತಾ, ಅಷ್ಟ್ ಹೇಳ್."

ಎಲ್ಲರೂ ಹೊಳೆಯ ಕಡೆ ನೋಡಿದೆವು. ಏರುತ್ತಿತ್ತೇ? ಇಳಿಯುತ್ತಿತ್ತೇ? ಏರುತ್ತಿದ್ದರೆ ಮುಹೂರ್ತ ಉಳಿಯಿತು. ಇಳಿಯುತ್ತಿದ್ದರೆ ಮುಗಿಯಿತು. ನೀರು ಯಾವ ಕಡೆಗೂ ಹೋಗದೆ ಸುಮ್ಮನೆ ನಿಂತಿತ್ತು. ಲ್ಯಾಪ್‌ಟಾಪಿನಲ್ಲಿ ಅರ್ಥವಾಗಿದ್ದ ನನಗೂ ಇಲ್ಲಿ ನೋಡಿ ಹೇಳಲು ಆಗಲಿಲ್ಲ.

ಅಕ್ಕ ಎದ್ದಳು. ಪೂಜೆಯ ಬುಟ್ಟಿಯಿಂದ ಒಂದು ಊದುಬತ್ತಿ ತೆಗೆದು ಪ್ರಸನ್ನನ ಕೈಗೆ ಕೊಟ್ಟು, ನೀರಿನ ಅಂಚಿನಲ್ಲಿ ಊರಿ ಬಾ ಎಂದಳು. ಮದುಮಗ ಪಂಚೆ ಎತ್ತಿ ಕಟ್ಟಿ, ಕೆಸರಿಗೆ ಇಳಿದು, ನೀರಿಗೂ ಕೆಸರಿಗೂ ನಡುವೆ ಊದುಬತ್ತಿ ಊರಿ ಬಂದ. ನೀರು ಅದನ್ನು ದಾಟಿ ಮೇಲೆ ಬರುತ್ತದೆಯೇ ಎಂದು ನೋಡುವುದು, ಅಷ್ಟೇ ಲೆಕ್ಕ.

ಆದರೆ ಮದುವೆಯ ದಿನ ಯಾವುದು ಅಷ್ಟೇ ಆಗಿ ಉಳಿಯುತ್ತದೆ? ಭಾವ ಎಲ್ಲಿದ್ದರೋ, ಬೆಂಕಿಪೊಟ್ಟಣ ಹಿಡಿದು ಇಳಿದವರೇ ಅದನ್ನು ಹಚ್ಚಿಬಿಟ್ಟರು. "ಊದುಬತ್ತಿ ಹಚ್ದೆ ಊರುದಾ?" ಎಂದು ನಮ್ಮನ್ನೇ ಕೇಳಿದರು. ಅದನ್ನು ನೋಡಿ ದೊಡ್ಡಮ್ಮ ಅಕ್ಷತೆ ಎಸೆದರು. ಇನ್ನೊಬ್ಬರು ಅಡಿಕೆಯ ಹೂವಿನ ಹಿಂಗಾರದಿಂದ ಒಂದೆಸಳು ಕಿತ್ತು ಹಾಕಿದರು. ಶಾಸ್ತ್ರ ಶುರುವಾಯಿತು ಎಂದುಕೊಂಡು ವಾದ್ಯದವರೂ ಸ್ಯಾಕ್ಸೋಫೋನ್ ಎತ್ತಿದರು.

ಆ ಹೊತ್ತನ್ನು ಹೇಗೆ ಹೇಳಲಿ? ಪಶ್ಚಿಮದಲ್ಲಿ ಹುಣ್ಣಿಮೆ ಕಳೆದ ಚಂದ್ರ ಇನ್ನೂ ಬೆಳ್ಳಗೆ ಇದ್ದ. ಪೂರ್ವದಲ್ಲಿ ಬೆಟ್ಟದ ಸಾಲಿನ ಮೇಲೆ ಬಿಸಿಲು ಹುಟ್ಟುತ್ತಿತ್ತು. ಸ್ಯಾಕ್ಸೋಫೋನಿನ ಸ್ವರ ಕೆಸರಿನ ಮೇಲೆ ಹೋಗಿ, ಕುದ್ರುವಿನ ತೆಂಗಿನ ಮರಗಳಿಗೆ ತಾಗಿ, ತಡವಾಗಿ ನಮಗೇ ಹಿಂದೆ ಬರುತ್ತಿತ್ತು. ರೇಷ್ಮೆ ಸೀರೆ ಉಟ್ಟ ಹೆಂಗಸರು, ಪೇಟ ಸುತ್ತಿದ ಗಂಡಸರು, ಎಲ್ಲರೂ ಮಾತು ಬಿಟ್ಟು ಒಂದು ಊದುಬತ್ತಿಯನ್ನು ನೋಡುತ್ತಿದ್ದರು. ಒಬ್ಬರ ಕೈಯಲ್ಲೂ ಫೋನಿರಲಿಲ್ಲ.

ಕೆಂಡ ಮೇಲಿನಿಂದ ಇಳಿಯುತ್ತಿತ್ತು. ಕೆಳಗೆ ಕಡ್ಡಿಯ ಬುಡದಲ್ಲಿ ಮಣ್ಣಿನ ಬಣ್ಣ ಸ್ವಲ್ಪ ಗಾಢವಾಯಿತು. ಆಮೇಲೆ ಹೊಳೆಯಿತು. ಆಮೇಲೆ ಹಿಂಗಾರದ ಎಸಳು ಅಲುಗಿತು, ತೇಲಿತು, ಮೆಲ್ಲಗೆ ನಮ್ಮ ಕಡೆಗೆ ಬರತೊಡಗಿತು. ಕೆಂಡ ಇಳಿದು ಇಳಿದು, ನೀರು ಏರಿ ಏರಿ, ಒಂದು ಕಡೆ ಎರಡೂ ಸೇರಿದವು. ಚುಂಯ್ ಎಂದದ್ದು ನನಗೆ ಕೇಳಿಸಿತು. (ಅಷ್ಟು ದೂರದಿಂದ ಕೇಳಿಸುವುದು ಸಾಧ್ಯವಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಇರಲಿ.)

"ಏರ್ತಾ ಇತ್ತ್!" ಎಂದು ಗಿರಿಜಕ್ಕ ಕೂಗಿದಳು.

ಅಷ್ಟರಲ್ಲಿ ಎದುರಿನ ದಡಕ್ಕೆ ಪಲ್ಲವಿ ಬಂದಳು. ನನ್ನ ಆರು ಗಂಟೆಯ ಮಾತು ಕೇಳಿ ಅವಳಿಗೆ ಬೆಳಗಾಗುವ ಮೊದಲೇ ಪೂರ್ತಿ ಅಲಂಕಾರ ಮುಗಿದಿತ್ತು. ಅವಳ ಹಿಂದಿನಿಂದ ಬಿಸಿ ಕೊಟ್ಟೆ ಕಡುಬಿನ ಪರಿಮಳ ಬಂತು. ನಮ್ಮ ತಿಂಡಿ ಇದ್ದದ್ದು ಆ ದಡದಲ್ಲಿ. ಅದರ ಸಂಕಟ ಬೇರೆಯೇ ಅಂಕಣ.

"ಹ್ವಾಯ್! ತಿಂಡಿ ತಿಂದ್ರ್ಯಾ?" ಎಂದು ಅವಳು ಅಲ್ಲಿಂದ ಕೂಗಿದಳು. ಎಲ್ಲರೂ ನಕ್ಕರು. ಪ್ರಸನ್ನ ಮುಖವೆಲ್ಲ ಕೆಂಪಾಗಿ, ಆದರೂ ಇಡೀ ದಿಬ್ಬಣದ ಎದುರು ಕೂಗಿದ: "ಇಲ್ಲೆ! ನೀವ್?"

ನಮ್ಮ ಮೌನಿ! ಭಾವ ಆಶ್ಚರ್ಯಕ್ಕೆ ಎದ್ದೇ ನಿಂತರು.

ಆಮೇಲೆ ಇಬ್ಬರೂ ಫೋನ್ ತೆಗೆದರು. ಅವಳು ಆ ದಡದಲ್ಲಿ ಒಂದು ತೆಂಗಿನ ಮರಕ್ಕೆ ಒರಗಿ, ಇವನು ಈ ದಡದಲ್ಲಿ ವಾಲಿದ ದೋಣಿಗೆ ಒರಗಿ, ಒಬ್ಬರನ್ನೊಬ್ಬರು ನೋಡುತ್ತ ಮಾತಾಡಿದರು. ನಡುವೆ ನೀರು ಬರುತ್ತಿತ್ತು. ಕೆಸರು ಒಂದೊಂದೇ ಮಡಿಕೆಯಾಗಿ ಮುಚ್ಚಿಕೊಂಡಿತು. ಬೆಳ್ಳಕ್ಕಿಗಳು ಎದ್ದು ಹೋದವು. ಮಾತು ಮುಗಿಯಲಿಲ್ಲ.

ಗಿರಿಜಕ್ಕ ಇದನ್ನೆಲ್ಲ ನೋಡುತ್ತ ನನ್ನ ಪಕ್ಕ ಕುಳಿತಿದ್ದಳು. ಮೆಲ್ಲಗೆ ಹೇಳಿದಳು:

"ನನ್ನ್ ಮದಿ ದಿನ ನಾ ಒಳ್ಗ್ ಕೂಕಂಡ್ ಬಾಗ್ಲನ್ನೇ ಕಾಂತಾ ಇದ್ದಿದ್ದೆ. ದಿಬ್ಬಣ ಎಲ್ಲಿಗ್ ಬಂತ್, ಬತ್ತಾ ಇಲ್ಯಾ, ಯಾರೂ ಹೇಳ್ಲಿಲ್ಲೆ. ತಡ ಆದದ್ದ್ ದೊಡ್ಡದಲ್ಲ ಮಾರಾಯ. ಗೊತ್ತಾಗ್ದೆ ಕಾದದ್ದ್ ದೊಡ್ಡದ್. ಈ ಹೆಣ್ಣಿಗ್ ಕಾಣ್, ಗಂಡ್ ಕಣ್ಣೆದ್ರೇ ಕಾಂತಾ ಇದ್ದ."

ಅವಳು ಇಷ್ಟು ವರ್ಷ ಹೊತ್ತುಕೊಂಡು ಬಂದದ್ದು ಮುಹೂರ್ತ ಅಲ್ಲ, ಆ ಬಾಗಿಲು ಎಂದು ನನಗೆ ಆಗ ತಿಳಿಯಿತು. ಕಣ್ಣು ತುಂಬಿ ಬಂತು. ಶಲ್ಯ ಇದ್ದದ್ದು ಒಳ್ಳೆಯದಾಯಿತು.

ಹತ್ತು ಗಂಟೆಯ ಸುಮಾರಿಗೆ ದೋಣಿಗಳು ತಮ್ಮಷ್ಟಕ್ಕೆ ನೆಟ್ಟಗಾದವು. ನಾಗ "ಬನ್ನಿ, ಹೋಪ" ಎಂದ. ದೋಣಿಯಲ್ಲಿ ಗಿರಿಜಕ್ಕ ಮುಂದೆ ಕುಳಿತು, ಹುಡುಗಿಯಂತೆ ನೀರಿಗೆ ಕೈ ಇಳಿಬಿಟ್ಟಳು. ಕುದ್ರು ತಲುಪಿ, ತಣ್ಣಗಾದ ಕಡುಬನ್ನೇ ಮುಗಿಬಿದ್ದು ತಿಂದರೂ ಮುಹೂರ್ತಕ್ಕೆ ಬೇಕಾದಷ್ಟು ಹೊತ್ತು ಉಳಿದಿತ್ತು. ಮಂಗಳವಾದ್ಯ ಮೊಳಗುವಾಗ ಹೊಳೆ ನಾಲ್ಕೂ ಕಡೆ ತುಂಬಿ ನಿಂತಿತ್ತು.

ಊಟದ ಹೊತ್ತಿಗೆ ಪಲ್ಲವಿ ನನ್ನ ಎಲೆಗೆ ಹೋಳಿಗೆ ಹಾಕುತ್ತ ಹೇಳಿದಳು: "ಮಾವ, ಇವ್ರ್ ಇಷ್ಟ್ ದಿನ ಮಾತಾಡ್ದೇ ಇಟ್ಟದ್ದೆಲ್ಲ ಇವತ್ತ್ ಒಂದೇ ದಿನ ಮಾತಾಡ್ರ್. ನೀವ್ ಸಮಾ ಹೇಳಿದ್ರೆ ನಾವ್ ಸೀದಾ ಮಂಟಪಕ್ಕೇ ಬತ್ತಿದ್ದಿತ್ತ್."

ಪ್ರಸನ್ನ ಪಕ್ಕದಲ್ಲಿ ನಿಂತು "ಹೂಂ" ಎಂದ.

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ನನ್ನ ಹೊಳೆಗೆ ಅದರ ಊರು ಯಾವುದು ಎಂದು ಬಿಡಿಸಿ ಹೇಳಿದ್ದು. ಈಗ ಸರಿಯಾಗಿ ಹರಿಯುತ್ತಿದೆ. ಈ ವಾರದ ಟೈಮನ್ನೂ ಗುಂಪಿಗೆ ಹಾಕಿದ್ದೇನೆ. ಕೊನೆಗೆ ಒಂದು ಸಾಲು ಸೇರಿಸಿದೆ: "ದೋಣಿ ಬಿಡುವ ಮೊದಲು ಒಮ್ಮೆ ಹೊಳೆ ನೋಡಿಕೊಳ್ಳಿ." ನಾಗ ಅದಕ್ಕೆ ಊದುಬತ್ತಿಯ ಚಿತ್ರ ಕಳಿಸಿದ್ದಾನೆ.

ಆದರೆ ಆ ತಪ್ಪು ಹೊಳೆಯನ್ನು ಅಳಿಸಲು ಮನಸ್ಸು ಬರಲಿಲ್ಲ. ಅದನ್ನು "ಪ್ರಸನ್ನನ ಮದುವೆ" ಎಂಬ ಫೋಲ್ಡರಿನಲ್ಲಿ ಹಾಗೆಯೇ ಇಟ್ಟಿದ್ದೇನೆ. ಗಿರಿಜಕ್ಕನಿಗೆ ಇನ್ನೊಬ್ಬ ಮಗನಿದ್ದಾನೆ. ಅವನು ಇವನಿಗಿಂತ ಮೌನಿ.

ಅವನ ಮದುವೆಗೆ ಇದೇ ತಪ್ಪು ಬೇಕಾಗುವುದಿಲ್ಲ ಎಂದು ಯಾವ ಸಿಮ್ಯುಲೇಷನ್ ಹೇಳೀತು?